ಖಾಲಿ ಗೆರೆಯ ಮೂರು ಡಾಲರ್: ಏಳು ರಾತ್ರಿಯ ಕ್ರೂಸ್ ಒಂದರ ಟಿಪ್ಸ್ ಲೆಕ್ಕ

ಮಯಾಮಿಯಿಂದ ಹೊರಟು ಮೆಕ್ಸಿಕೊದ ಕೊಜುಮೆಲ್ ಕಡೆ ಸುತ್ತಿ ಮತ್ತೆ ಮಯಾಮಿಗೇ ಬರುವ ಏಳು ರಾತ್ರಿಯ ಪ್ರಯಾಣ. ಕೊನೆಯ ರಾತ್ರಿ ಒಂಬತ್ತೂವರೆ ಗಂಟೆ. ಹನ್ನೊಂದರೊಳಗೆ ದೊಡ್ಡ ಸೂಟ್‌ಕೇಸುಗಳಿಗೆ ಚೀಟಿ ಕಟ್ಟಿ ಕ್ಯಾಬಿನ್ ಬಾಗಿಲ ಹೊರಗಿಡಬೇಕು. ಆ ಗಡಿಬಿಡಿಯಲ್ಲೇ ಮಗ ಫೋನಿನಲ್ಲಿ ಹಡಗಿನ ಆ್ಯಪ್ ತೆರೆದು, ಇಡೀ ವಾರ ನೋಡದೇ ಬಿಟ್ಟಿದ್ದ ಬಿಲ್ಲನ್ನು ಮೊದಲ ಸಲ ಮೇಲಿನಿಂದ ಕೆಳಗಿನವರೆಗೆ ಓದುತ್ತಾನೆ. ಟಿಪ್ಸ್ ಹೆಸರಿನಲ್ಲೇ ಎಂಟುನೂರು ಡಾಲರ್ ದಾಟಿದೆ. ‘ಅಪ್ಪ ಅಮ್ಮ ಕುಡಿದೇ ಇಲ್ಲ, ಅವರ ಹೆಸರಿನ ಟಿಪ್ಸ್ ತೆಗೆಸಿಬಿಡೋಣ’ ಎಂದು ಗೆಸ್ಟ್ ಸರ್ವಿಸಸ್ ಕೌಂಟರಿನ ಸಾಲಿನಲ್ಲಿ ಹೋಗಿ ನಿಲ್ಲುತ್ತಾನೆ. ಮುಂದೆ ನಲವತ್ತು ಜನ. ಹೆಚ್ಚಿನವರದ್ದು ಇದೇ ತಕರಾರು.

ಪ್ರಕರಣ ಇಷ್ಟೇ. ತೆಗೆಸಬೇಕೇ, ಬೇಡವೇ? ಹಣ ಎಲ್ಲಿ ಸೋರಿತು?

ಪ್ರಯಾಣಿಕರು ಐದು ಜನ, ಎರಡು ಕ್ಯಾಬಿನ್. ಒಂದರಲ್ಲಿ ನ್ಯೂಜೆರ್ಸಿಯಲ್ಲಿ ಕೆಲಸದಲ್ಲಿರುವ ಗಂಡ, ಹೆಂಡತಿ, ಆರು ವರ್ಷದ ಮಗಳು. ಇನ್ನೊಂದರಲ್ಲಿ ಮೈಸೂರಿನಿಂದ ಬಂದಿರುವ ಗಂಡನ ತಂದೆ ತಾಯಿ, ಇಬ್ಬರೂ ಸಸ್ಯಾಹಾರಿಗಳು. ಇದು ಒಂದು ಕುಟುಂಬದ ಕೈಗೆ ಬಂದ ಬಿಲ್ಲಿನ ನಕಲಲ್ಲ. ಅಮೆರಿಕದಿಂದ ಹೊರಡುವ ದೊಡ್ಡ ಹಡಗುಗಳ ಬಿಲ್ಲಿನಲ್ಲಿ ಮತ್ತೆ ಮತ್ತೆ ಕಾಣುವ ಬಾಬತ್ತುಗಳನ್ನೂ ದರಗಳನ್ನೂ ಒಂದೇ ಮನೆಯ ಲೆಕ್ಕವಾಗಿ ಕಟ್ಟಿಕೊಂಡ ಮಾದರಿ. ಬಿಲ್ಲು ಹೀಗಿದೆ, ಎಲ್ಲವೂ ಡಾಲರ್‌ಗಳಲ್ಲಿ:

ದಿನದ ಗ್ರಾಚ್ಯುಟಿ, 5 ಜನ × 7 ದಿನ × 18.50 = 647.50
ಬಾರ್‌ನಲ್ಲಿ ತೆಗೆದುಕೊಂಡ ಪಾನೀಯಗಳು = 398.00
ಅದರ ಮೇಲೆ ತಾನಾಗಿಯೇ ಬಿದ್ದ ಶೇ 18 = 71.64
ಬಾರ್ ಚೀಟಿಗಳ ಖಾಲಿ ಗೆರೆಯಲ್ಲಿ ಕೈಯಾರೆ ಬರೆದದ್ದು, 22 ಚೀಟಿ × 3 = 66.00
ಪ್ರತ್ಯೇಕ ದುಡ್ಡು ಕೊಟ್ಟು ಉಣ್ಣುವ ರೆಸ್ಟೊರೆಂಟ್, ಇಬ್ಬರಿಗೆ ಒಂದು ರಾತ್ರಿ = 120.00, ಅದರ ಮೇಲೆ ಶೇ 18 = 21.60
ರೂಮ್ ಸರ್ವಿಸ್, ಎರಡು ಸಲ = 15.90, ಅದರ ಮೇಲೆ ಶೇ 18 = 2.86

ಟಿಪ್ಸ್ ಎನ್ನಬಹುದಾದದ್ದನ್ನಷ್ಟೇ ಕೂಡಿದರೆ 809.60. ಡಾಲರಿಗೆ 90 ರೂಪಾಯಿ ಎಂದು ಹಿಡಿದರೆ 72,864 ರೂಪಾಯಿ. ಮೈಸೂರಿನ ಹಿರಿಯರಿಗೆ ಎದೆ ಝಲ್ಲೆನ್ನುವುದು ಸಹಜ. ಅದಕ್ಕೂ ಮೊದಲು ಅವರನ್ನು ಗೊಂದಲಕ್ಕೆ ಕೆಡವುವುದು ಆ ಪದ. ‘ಗ್ರಾಚ್ಯುಟಿ ಅಂದ್ರೆ ರಿಟೈರ್ ಆದಾಗ ಕೊಡೋದಲ್ವೇನೋ?’ ನಮ್ಮಲ್ಲಿ ಸಾಮಾನ್ಯವಾಗಿ ಐದು ವರ್ಷ ದುಡಿದವನಿಗೆ ಸಿಗುವ ಇಡಿಗಂಟಿಗೆ ಆ ಹೆಸರು. ಅಮೆರಿಕದ ಇಂಗ್ಲಿಷಿನಲ್ಲಿ ಅದು ಬರೀ ಟಿಪ್ಸ್. ಕಂಪನಿ ಬದಲಾದರೆ ಇದೇ ಬಾಬತ್ತು ‘ಸರ್ವಿಸ್ ಚಾರ್ಜ್’ ಎಂದೋ ‘ಕ್ರ್ಯೂ ಅಪ್ರಿಸಿಯೇಷನ್’ ಎಂದೋ ಅಚ್ಚಾಗಿರುತ್ತದೆ. ಹೆಸರು ಏನೇ ಇರಲಿ, ತಲೆಗೆ ದಿನಕ್ಕೆ ಇಷ್ಟು ಎಂದು ಹಾಕುವ ಹಣ ಅದು. ಸಾಮಾನ್ಯ ಕ್ಯಾಬಿನ್‌ಗಳಿಗೆ ಈಚಿನ ವರ್ಷಗಳಲ್ಲಿ 16ರಿಂದ 20 ಡಾಲರ್‌ವರೆಗೆ ಇದೆ. ಸೂಟ್ ಎಂಬ ದೊಡ್ಡ ಕ್ಯಾಬಿನ್‌ಗಳಿಗೆ ಎರಡು ಮೂರು ಡಾಲರೋ ಅದಕ್ಕಿಂತ ತುಸು ಹೆಚ್ಚೋ ಮೇಲೆ. ಎಷ್ಟೋ ಕಂಪನಿಗಳಲ್ಲಿ ಮಗುವಿಗೂ ಪೂರ್ತಿ ದರ. ಕೆಲವು ಎರಡು ಅಥವಾ ಮೂರು ವರ್ಷದೊಳಗಿನ ಕೂಸುಗಳನ್ನು ಬಿಡುತ್ತವೆ, ಕೆಲವು ಮಕ್ಕಳಿಗೆ ಅರ್ಧ ಹಾಕುತ್ತವೆ. ಈ ಮನೆಯ ಆರು ವರ್ಷದ ಹುಡುಗಿಗೆ ಪೂರ್ತಿ ಬಿದ್ದಿದೆ: 129.50.

ಎರಡು ಕೊಳಾಯಿ, ಎರಡು ತೊಟ್ಟಿ

ತಪ್ಪು ತಿಳಿವಳಿಕೆಯೆಲ್ಲ ಹುಟ್ಟುವುದು ಇಲ್ಲಿ. ಹಡಗಿನಲ್ಲಿ ಟಿಪ್ಸ್ ಎಂಬುದು ಒಂದೇ ತೊಟ್ಟಿಗೆ ಬೀಳುವ ನೀರಲ್ಲ.

ದಿನದ ಗ್ರಾಚ್ಯುಟಿ ಹೋಗುವುದು ಕ್ಯಾಬಿನ್ ನೋಡಿಕೊಳ್ಳುವ ಅಟೆಂಡೆಂಟ್‌ಗೆ, ಊಟದ ಹಾಲ್‌ನ ವೇಟರ್ ಮತ್ತು ಸಹಾಯಕ ವೇಟರ್‌ಗೆ, ಹೆಡ್ ವೇಟರ್‌ಗೆ, ಕಂಪನಿಯ ಪದ್ಧತಿಯಂತೆ ಬಫೆ, ಲಾಂಡ್ರಿ, ಅಡುಗೆಮನೆಯ ಹಿಂಬದಿಯಲ್ಲಿ ದುಡಿಯುವವರಿಗೆ. ಹೆಚ್ಚಿನ ಕಂಪನಿಗಳಲ್ಲಿ ಬಾರ್‌ಟೆಂಡರ್ ಈ ಪಟ್ಟಿಯಲ್ಲಿ ಇರುವುದಿಲ್ಲ. ಅವನ ಪಾಲು ಬರುವುದು ಇನ್ನೊಂದು ಕೊಳಾಯಿಯಿಂದ, ಅಂದರೆ ಪ್ರತಿ ಪಾನೀಯದ ಬೆಲೆಗೆ ಸೇರಿಸುವ ಶೇ 18ರಿಂದ. ಕೆಲವು ಕಂಪನಿಗಳಲ್ಲಿ ಅದು ಶೇ 20. ಆ ಹಣವೂ ಬಾರ್‌ಟೆಂಡರ್ ಒಬ್ಬನ ಜೇಬಿಗೆ ಹೋಗುತ್ತದೆಂದು ಹೇಳಲಾಗದು. ಕೆಲವೆಡೆ ಚೀಟಿ ತೆರೆದವನ ಲೆಕ್ಕಕ್ಕೆ ಸೇರುತ್ತದೆ, ಕೆಲವೆಡೆ ಇಡೀ ಬಾರ್ ವಿಭಾಗದಲ್ಲಿ ಹಂಚಿಕೆಯಾಗುತ್ತದೆ. ಹಂಚಿಕೆಯಾದರೆ ಐಸ್ ಹೊರುವ, ಗ್ಲಾಸ್ ತೊಳೆಯುವ, ಕ್ರೇಟ್ ಎತ್ತುವ ಹುಡುಗನಿಗೂ ಪಾಲು ಸಿಗುತ್ತದೆ. ಅವನನ್ನು ಗ್ರಾಹಕರು ನೋಡುವುದೇ ಇಲ್ಲ.

ಹಾಗಾಗಿ ‘ನಾನು ಬಾರ್‌ನಲ್ಲಿ ಸಾಕಷ್ಟು ಕೊಟ್ಟಿದ್ದೇನೆ, ದಿನದ ಟಿಪ್ಸ್ ಯಾಕೆ’ ಎನ್ನುವುದು ಹಾಲಿನವನಿಗೆ ಕೊಟ್ಟೆ, ಇನ್ನು ಪೇಪರಿನವನಿಗೆ ಯಾಕೆ ಎಂದಂತೆ. ಹಾಗೆಯೇ ‘ಅಪ್ಪ ಅಮ್ಮ ಕುಡಿಯುವುದಿಲ್ಲ’ ಎಂಬ ಕಾರಣಕ್ಕೆ ಅವರ ದಿನದ ಗ್ರಾಚ್ಯುಟಿ ತೆಗೆಸುವುದಕ್ಕೆ ಅರ್ಥವಿಲ್ಲ. ಕುಡಿತಕ್ಕೂ ಆ 18.50ಕ್ಕೂ ಸಂಬಂಧವೇ ಇಲ್ಲ.

ಆ ಇನ್ನೊಂದು ಕೊಳಾಯಿ ಸೋರಿದ್ದು ಎಲ್ಲಿ

ಬಾರ್‌ನಲ್ಲಿ ಮಗ ವಾರವಿಡೀ ತೆಗೆದುಕೊಂಡದ್ದು 14 ಡಾಲರಿನ 18 ಕಾಕ್‌ಟೇಲ್, 9 ಡಾಲರಿನ 10 ಬಿಯರ್. ಮಗಳಿಗೆ 7 ಡಾಲರಿನ 8 ಮಾಕ್‌ಟೇಲ್. 252, 90, 56, ಒಟ್ಟು 398. ಒಂದು ಕಾಕ್‌ಟೇಲ್‌ನ ಚೀಟಿ ಹೀಗಿರುತ್ತದೆ: ಬೆಲೆ 14.00, ಗ್ರಾಚ್ಯುಟಿ 2.52, ಮೊತ್ತ 16.52. ಅದರ ಕೆಳಗೆ ‘ಹೆಚ್ಚುವರಿ ಗ್ರಾಚ್ಯುಟಿ’ ಎಂದು ಒಂದು ಖಾಲಿ ಗೆರೆ. ಅದರ ಕೆಳಗೆ ಮತ್ತೆ ‘ಒಟ್ಟು’ ಎಂದು ಇನ್ನೊಂದು ಖಾಲಿ ಗೆರೆ. ಕೊನೆಯಲ್ಲಿ ಸಹಿ.

ಅಮೆರಿಕದ ನೆಲದ ಮೇಲಿನ ರೆಸ್ಟೊರೆಂಟಿನಲ್ಲಿ ಇಂಥ ಖಾಲಿ ಗೆರೆ ಬಂದರೆ ಸಾಮಾನ್ಯವಾಗಿ ಅಲ್ಲಿ ಟಿಪ್ಸ್ ಇನ್ನೂ ಕೊಟ್ಟಿಲ್ಲ ಎಂದರ್ಥ. ಅಲ್ಲಿ ವರ್ಷಗಟ್ಟಲೆ ಇದ್ದವರ ಕೈ ಆ ಗೆರೆ ಕಂಡ ಕೂಡಲೇ ತಾನಾಗಿ ಶೇ 18, 20 ಎಂದು ಬರೆದುಬಿಡುತ್ತದೆ. ಹಡಗಿನಲ್ಲಿ ಅದೇ ಗೆರೆಗೆ ಬೇರೆ ಅರ್ಥ. ಟಿಪ್ಸ್ ಮೇಲಿನ ಸಾಲಿನಲ್ಲೇ ಮುಗಿದಿದೆ. ಇದು ಅದರ ಮೇಲೆ ಕೊಡುವ ಇಷ್ಟದ ಹಣ. ಮಂದ ಬೆಳಕು, ಸಣ್ಣ ಅಕ್ಷರ, ಹಿಂದೆ ಕಾಯುವ ಜನ. ಮಗ ಒಟ್ಟು 30 ಚೀಟಿಗಳಲ್ಲಿ 22ಕ್ಕೆ ಮೂರು ಮೂರು ಡಾಲರ್ ಬರೆದಿದ್ದಾನೆ. 71.64 ಮತ್ತು 66 ಸೇರಿದರೆ 137.64, ಅಂದರೆ ಕುಡಿದ ಬೆಲೆಯ ಮೇಲೆ ಸುಮಾರು ಶೇ 34.6. ಬಿಯರ್ ಒಂದರ ಲೆಕ್ಕ ನೋಡಿದರೆ ಇನ್ನೂ ವಿಚಿತ್ರ: 9 ಡಾಲರಿನ ಬಿಯರ್‌ಗೆ 1.62 ತಾನಾಗಿ ಬಿದ್ದದ್ದು, ಮೇಲೆ 3. ಮುಚ್ಚಳ ತೆಗೆದು ಕೊಟ್ಟದ್ದಕ್ಕೆ ಶೇ 51.

ಈಗೀಗ ಕಾಗದದ ಚೀಟಿಯ ಬದಲು ಕೈಯಲ್ಲಿ ಹಿಡಿಯುವ ಯಂತ್ರದ ಪರದೆಯೇ ಬರುತ್ತಿದೆ. ಅಲ್ಲಿ ‘ಹೆಚ್ಚುವರಿ’ ಎಂಬ ಗುಂಡಿಗಳು ದೊಡ್ಡದಾಗಿ ಕಾಣುತ್ತವೆ, ಬೇಡ ಎನ್ನುವ ಗುಂಡಿ ಮೂಲೆಯಲ್ಲಿ ಇರಬಹುದು. ಕಾಗದವಾದರೆ ಖಾಲಿ ಗೆರೆಯ ಮೇಲೆ ಅಡ್ಡಗೆರೆ ಎಳೆದು, ಕೆಳಗಿನ ‘ಒಟ್ಟು’ ಜಾಗದಲ್ಲಿ 16.52 ಎಂದೇ ಬರೆದು ಸಹಿ ಹಾಕಿ. ಖಾಲಿ ಬಿಟ್ಟರೂ ನಡೆಯುತ್ತದೆ, ಆದರೆ ಅಡ್ಡಗೆರೆ ಇದ್ದರೆ ಆಮೇಲೆ ತಕರಾರಿಗೆ ಎಡೆಯಿಲ್ಲ. ನಾಚಿಕೆಪಡುವ ಅಗತ್ಯವೂ ಇಲ್ಲ. ಬಾರ್‌ಟೆಂಡರ್‌ಗೆ ಮೇಲಿನ ಸಾಲು ಚೆನ್ನಾಗಿ ಗೊತ್ತು.

ಆ 66 ಡಾಲರ್ ಹೋದದ್ದಾದರೂ ಯಾರಿಗೆ? ಈಜುಕೊಳದ ಬಾರ್, ಥಿಯೇಟರ್ ಬಾರ್, ಮೇಲಿನ ಡೆಕ್‌ನ ಬಾರ್ ಎಂದು ನಾಲ್ಕೈದು ಕಡೆ, ಹತ್ತು ಹನ್ನೆರಡು ಜನರ ನಡುವೆ ಚೆದುರಿ ಹೋಯಿತು. ಮಗಳ ಮಾಕ್‌ಟೇಲ್‌ಗೆ ಪ್ರತಿ ಸಂಜೆ ಕೇಳದೆಯೇ ಎರಡು ಚೆರ್ರಿ ಹಾಕುತ್ತಿದ್ದ ಆ ಒಬ್ಬ ಬಾರ್‌ಟೆಂಡರ್‌ಗೆ ಅದರಲ್ಲಿ ಹತ್ತು ಹದಿನೈದು ಡಾಲರ್ ಸೇರಿರಬಹುದು, ಅದೂ ತಿಂಗಳ ಲೆಕ್ಕದ ಮೂಲಕ. ಮೊದಲ ಅಥವಾ ಎರಡನೆಯ ಸಂಜೆ, ಸಾಲಿಲ್ಲದ ಹೊತ್ತು ನೋಡಿ, ಅವನ ಹೆಸರು ಕರೆದು 20 ಡಾಲರಿನ ಒಂದು ನೋಟು ಕೈಗಿಟ್ಟಿದ್ದರೆ ಅದು ಅವನಿಗೆ ನೇರವಾಗಿ ಮುಟ್ಟುತ್ತಿತ್ತು, ನೆನಪೂ ಇರುತ್ತಿತ್ತು. ಕೊನೆಯ ರಾತ್ರಿ ಕೊಡುವ 20ಕ್ಕೂ ಮೊದಲ ರಾತ್ರಿ ಕೊಡುವ 20ಕ್ಕೂ ಬೆಲೆ ಒಂದೇ, ಪರಿಣಾಮ ಬೇರೆ. ಮೊದಲೇ ಕೊಟ್ಟರೆ ಜನ ತುಂಬಿದ ಮಧ್ಯಾಹ್ನವೂ ಅವನ ಕಣ್ಣು ನಿಮ್ಮನ್ನು ಹುಡುಕುತ್ತದೆ. ಇದನ್ನು ಲಂಚ ಎನ್ನುವವರಿದ್ದಾರೆ. ಹಾಗೆನಿಸಿದರೆ ಕೊನೆಯಲ್ಲಿ ಕೊಡಿ, ಯಾರೂ ಬೇಸರಪಡುವುದಿಲ್ಲ.

ಇಲ್ಲಿ ಒಂದು ಅಪವಾದ ಇದೆ. ಕ್ಯಾಸಿನೊದಲ್ಲಿ ಆಡಿದ್ದಕ್ಕೋ ಹಳೆಯ ಗ್ರಾಹಕರೆಂಬ ಕಾರಣಕ್ಕೋ ಸಿಕ್ಕ ಉಚಿತ ಕೂಪನ್‌ನಿಂದ ಪಾನೀಯ ತೆಗೆದುಕೊಂಡರೆ ಚೀಟಿಯಲ್ಲಿ 0.00 ಬರುತ್ತದೆ. ಸೊನ್ನೆಯ ಶೇ 18 ಸೊನ್ನೆಯೇ. ಅಲ್ಲಿ ಒಂದೆರಡು ಡಾಲರ್ ನಗದು ಕೊಡುವುದಕ್ಕೆ ನಿಜವಾದ ಅರ್ಥವಿದೆ. ಡ್ರಿಂಕ್ ಪ್ಯಾಕೇಜ್, ಅಂದರೆ ದಿನಕ್ಕೆ ಇಷ್ಟು ಎಂದು ಮೊದಲೇ ಕಟ್ಟಿ ಪಾನೀಯ ಪಡೆಯುವ ಯೋಜನೆ ಕೊಂಡವರ ಚೀಟಿಯಲ್ಲೂ 0.00 ಬರುತ್ತದೆ, ಆದರೆ ಅವರು ಶೇ 18ನ್ನು ಪ್ಯಾಕೇಜ್ ಕೊಳ್ಳುವಾಗಲೇ ಕಟ್ಟಿರುತ್ತಾರೆ. ಎರಡೂ ಸೊನ್ನೆ, ಎರಡೂ ಬೇರೆ.

ಪ್ಯಾಕೇಜ್ ಕೊಳ್ಳದೆ ಇದ್ದದ್ದು ಸರಿಯೇ?

ಈ ಒಂದು ನಿರ್ಧಾರದಲ್ಲಿ ಮಗ ಗೆದ್ದಿದ್ದಾನೆ. ದಿನಕ್ಕೆ 75 ಡಾಲರಿನ ಪ್ಯಾಕೇಜ್‌ಗೆ ಶೇ 18 ಸೇರಿದರೆ 88.50. ಒಂದೇ ಕ್ಯಾಬಿನ್‌ನ ವಯಸ್ಕರೆಲ್ಲರೂ ಕೊಳ್ಳಬೇಕೆಂಬ ನಿಯಮ ಹೆಚ್ಚಿನ ಕಂಪನಿಗಳಲ್ಲಿದೆ, ಒಬ್ಬರು ಕೊಂಡು ಇಬ್ಬರು ಕುಡಿಯಬಾರದೆಂದು. ಅಲ್ಲಿಗೆ ಇಬ್ಬರಿಗೆ ದಿನಕ್ಕೆ 177, ವಾರಕ್ಕೆ 1,239. ಒಂದು ಕಾಕ್‌ಟೇಲ್ 16.52 ಆಗಿರುವಾಗ ಕ್ಯಾಬಿನ್‌ಗೆ ದಿನಕ್ಕೆ ಹೆಚ್ಚುಕಡಿಮೆ ಹನ್ನೊಂದು ಕಾಕ್‌ಟೇಲ್ ಇಳಿಸಿದರೆ ಮಾತ್ರ ಸರಿದೂಗುತ್ತದೆ. ಹೆಂಡತಿ ನಿಂಬೆ ಸೋಡಾಕ್ಕಿಂತ ಮುಂದೆ ಹೋಗದ ಮನೆಯಲ್ಲಿ ಅದು ಆಗದ ಮಾತು. ಖಾಲಿ ಗೆರೆಯ 66 ಬಿಟ್ಟರೆ, ಬಿಡಿ ಬಿಡಿಯಾಗಿ ಕೊಂಡು ಅವರು ಕೊಟ್ಟದ್ದು 469.64.

‘ಪ್ಯಾಕೇಜ್ ಉಚಿತ’ ಎಂದು ಟಿಕೆಟ್ ಜೊತೆ ಕೊಡುವ ಕೊಡುಗೆಗಳನ್ನು ಮಾತ್ರ ಕಣ್ಣು ತೆರೆದು ಓದಬೇಕು. ಪ್ಯಾಕೇಜ್ ಉಚಿತ, ಅದರ ಮೇಲಿನ ಟಿಪ್ಸ್ ಉಚಿತವಲ್ಲ. ದಿನಕ್ಕೆ 109 ಡಾಲರ್ ಬೆಲೆ ಕಟ್ಟಿದ ಪ್ಯಾಕೇಜ್‌ನ ಶೇ 20 ಎಂದರೆ 21.80, ವಾರಕ್ಕೆ ಒಬ್ಬರಿಗೆ 152.60. ಕುಡಿಯದವರು ಇದನ್ನು ಟಿಕೆಟ್ ಮಾಡಿಸುವಾಗಲೇ ಬೇಡ ಎನ್ನುವುದು ಒಳ್ಳೆಯದು.

ಕೌಂಟರಿನ ಮುಂದೆ ಮೂರು ವಾದ

ಸಾಲು ಕರಗುವಷ್ಟರಲ್ಲಿ ತಂದೆಯೂ ಬಂದು ಸೇರಿಕೊಂಡಿದ್ದಾರೆ. ಅವರದ್ದು ಕಾನೂನಿನ ವಾದ. ‘ನಮ್ಮಲ್ಲಿ ಹೋಟೆಲಿನವರು ಬಿಲ್ಲಿಗೆ ತಾವಾಗೇ ಸರ್ವಿಸ್ ಚಾರ್ಜ್ ಸೇರಿಸೋ ಹಾಗಿಲ್ಲ ಕಣಪ್ಪ, ಕೋರ್ಟೇ ಹೇಳಿದೆ.’ ಮಾತು ಸರಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಅಂಥ ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಅದು ಭಾರತದ ಹೋಟೆಲುಗಳ ಮಾತು. ಮಯಾಮಿಯಿಂದ ಹೊರಡುವ ಈ ದೊಡ್ಡ ಹಡಗುಗಳು ಸಾಮಾನ್ಯವಾಗಿ ಬಹಾಮಾಸ್, ಪನಾಮಾದಂಥ ದೇಶಗಳ ಬಾವುಟದವು. ಅಮೆರಿಕದ ಕನಿಷ್ಠ ವೇತನದ ಕಾನೂನೂ ವಿದೇಶಿ ಬಾವುಟದ ಹಡಗಿನ ನೌಕರರಿಗೆ ಅನ್ವಯಿಸುವುದಿಲ್ಲ. ಸಿಬ್ಬಂದಿಯ ಗಳಿಕೆಯಲ್ಲಿ ಟಿಪ್ಸ್ ಅಷ್ಟು ದೊಡ್ಡ ಪಾಲಾಗಿರುವುದಕ್ಕೆ ಇದೂ ಒಂದು ಕಾರಣ. ಮೂಲ ಸಂಬಳ ತೆಳು, ಟಿಪ್ಸ್ ಅದರ ಮೈ.

ತೆಗೆಸಲು ಬರುತ್ತದೆಯೇ ಎಂದರೆ, ಬರುತ್ತದೆ. ಹೆಚ್ಚಿನ ಕಂಪನಿಗಳು ಇಳಿಯುವ ಮೊದಲು ಕೌಂಟರಿಗೆ ಬಂದು ಕೇಳಿದರೆ ದಿನದ ಗ್ರಾಚ್ಯುಟಿಯನ್ನು ಕಡಿಮೆ ಮಾಡುತ್ತವೆ ಅಥವಾ ತೆಗೆಯುತ್ತವೆ. ಬಾರ್‌ನ ಶೇ 18ನ್ನು ತೆಗೆಯುವುದಿಲ್ಲ, ಅದು ಬೆಲೆಯ ಭಾಗದಂತೆಯೇ. ಹಾಗಾಗಿ ‘ಆಗುತ್ತದೆಯೇ’ ಎಂಬುದನ್ನು ಬಿಟ್ಟು, ಅಪ್ಪ ಅಮ್ಮ ಇಬ್ಬರ ಹೆಸರಿನ ವಾರದ ಗ್ರಾಚ್ಯುಟಿ 259 ಡಾಲರ್ ತೆಗೆದರೆ ಯಾರ ತಟ್ಟೆಯಿಂದ ಹೋಗುತ್ತದೆ ಎಂದು ಕೇಳಬೇಕು.

ಮಗನ ಎರಡನೆಯ ವಾದ: ‘ಅವರು ಊಟದ ಹಾಲ್‌ನಲ್ಲಿ ಕೂತೇ ಇಲ್ಲ, ಹೆಚ್ಚಾಗಿ ಬಫೆಯಲ್ಲೇ ಉಂಡರು.’ ಬಫೆಯಲ್ಲಿ ತಟ್ಟೆ ತಾನೇ ಎದ್ದು ಹೋಗುವುದಿಲ್ಲ. ಮೇಜು ಒರೆಸುವವರು, ತಟ್ಟೆ ತೆಗೆಯುವವರು, ಬೆಳಿಗ್ಗೆ ಆರಕ್ಕೇ ಬಿಸಿನೀರು ಚಹಾ ತುಂಬಿಸುವವರು ಅಲ್ಲೂ ಇದ್ದಾರೆ. ಮೇಲಾಗಿ ಮೂರು ರಾತ್ರಿ ಅವರು ಹಾಲ್‌ನಲ್ಲೇ ಉಂಡಿದ್ದಾರೆ. ಮೆನುವಿನಲ್ಲಿ ಇಲ್ಲದ ದಾಲ್, ಪಲ್ಯ, ಅನ್ನವನ್ನು ಹೆಡ್ ವೇಟರ್ ಹಿಂದಿನ ರಾತ್ರಿಯೇ ಕೇಳಿಕೊಂಡು, ಅಡುಗೆಮನೆಗೆ ಹೇಳಿ ಮಾಡಿಸಿದ್ದಾರೆ. ಭಾರತೀಯ ಸಸ್ಯಾಹಾರ ಬೇಕೆಂದರೆ ದೊಡ್ಡ ಹಡಗುಗಳಲ್ಲಿ ಇದೇ ಹಾದಿ: ಒಂದು ದಿನ ಮುಂಚೆ ಹೆಡ್ ವೇಟರ್‌ಗೆ ಹೇಳುವುದು. ಈ ಕೆಲಸಕ್ಕೆ ಬಿಲ್ಲಿನಲ್ಲಿ ಬೇರೆ ಬಾಬತ್ತು ಇಲ್ಲ.

ಮೂರನೆಯದು: ‘ವಯಸ್ಸಾದವರು, ಕೋಣೆ ಗಲೀಜು ಮಾಡಲಿಲ್ಲ.’ ವಾರದಲ್ಲಿ ಆ ಕ್ಯಾಬಿನ್‌ನಲ್ಲಿ ನಡೆದದ್ದು ನೋಡಿ. ಬಿಸಿನೀರು ಕಾಯಿಸುವ ಕೆಟಲ್ ಬೆಂಕಿಯ ಭಯದಿಂದ ಈ ಹಡಗುಗಳಲ್ಲಿ ನಿಷಿದ್ಧ. ಮೈಸೂರಿನಿಂದ ತಂದದ್ದನ್ನು ಹತ್ತುವಾಗಲೇ ತೆಗೆದಿಟ್ಟುಕೊಂಡರು. ಮಾತ್ರೆಗೆ ಬಿಸಿನೀರು ಬೇಕೆಂದು ಅಟೆಂಡೆಂಟ್ ದಿನಕ್ಕೆ ಎರಡು ಸಲ ಫ್ಲಾಸ್ಕ್ ತುಂಬಿಸಿ ತಂದಿಟ್ಟ. ಬಾತ್‌ರೂಮಿನಲ್ಲಿ ಬಕೆಟ್ ಮಗ್ಗು ಇಲ್ಲವೆಂದಾಗ ಎರಡು ದೊಡ್ಡ ಲೋಟ ಹುಡುಕಿ ಕೊಟ್ಟ. ಜೋಡಿ ಮಂಚವನ್ನು ಬೇರೆ ಬೇರೆ ಮಾಡಿ ಹಾಕಿದ. ಐದು ಜನರಲ್ಲಿ ಹೆಚ್ಚು ಕೆಲಸ ಕೊಟ್ಟವರು ಯಾರ ಟಿಪ್ಸ್ ತೆಗೆಸಬೇಕೆಂದು ಹೊರಟಿದ್ದಾರೋ ಅವರೇ.

ಹಾಗೆಂದು ಕಂಪನಿಯನ್ನು ಸಮರ್ಥಿಸಬೇಕಿಲ್ಲ. ಟಿಕೆಟ್ ಜಾಹೀರಾತಿನಲ್ಲಿ ಕಡಿಮೆ ದರ ತೋರಿಸಿ, ತಲೆಗೆ ವಾರಕ್ಕೆ 129.50ನ್ನು ಹಿಂಬಾಗಿಲಿನಿಂದ ತರುವುದು ವ್ಯಾಪಾರದ ಚಾಲಾಕಿ. ಸಂಬಳವನ್ನು ತಾನು ಕೊಟ್ಟು ಬೆಲೆಯಲ್ಲೇ ಸೇರಿಸುವುದು ಆಗದ ಕೆಲಸವೇನಲ್ಲ. ಬ್ರಿಟನ್ನಿನ ಪಿ ಆ್ಯಂಡ್ ಒ ಕ್ರೂಸಸ್ 2019ರಿಂದ ದಿನದ ಟಿಪ್ಸ್ ಹಾಕುವುದನ್ನೇ ಬಿಟ್ಟಿದೆ, ರೀಜೆಂಟ್, ಸಿಲ್ವರ್‌ಸೀಯಂಥ ದುಬಾರಿ ಕಂಪನಿಗಳಲ್ಲಿ ಅದು ಟಿಕೆಟಿನಲ್ಲೇ ಸೇರಿರುತ್ತದೆ. ಆದರೆ ಕಂಪನಿಯ ಮೇಲಿನ ಸಿಟ್ಟನ್ನು ಕೌಂಟರಿನಲ್ಲಿ ತೀರಿಸಿಕೊಂಡರೆ ಪೆಟ್ಟು ಬೀಳುವುದು ಫ್ಲಾಸ್ಕ್ ತುಂಬಿಸಿದವನಿಗೆ.

‘ದಿನದ ಟಿಪ್ಸ್ ತೆಗೆಸಿ, ಅಟೆಂಡೆಂಟ್‌ಗೆ ನಾನೇ ನಗದು ಕೊಡ್ತೀನಿ’ ಎನ್ನುವವರೂ ಇದ್ದಾರೆ. ಕೇಳಲು ನ್ಯಾಯವಾಗಿ ಕಾಣುತ್ತದೆ. ಎಡವಟ್ಟು ಎರಡು. ಲಾಂಡ್ರಿ, ಬಫೆ, ಅಡುಗೆಮನೆಯ ಜನರಿಗೆ ನೀವು ನಗದು ತಲುಪಿಸಲಾರಿರಿ. ಕೆಲವು ಕಂಪನಿಗಳಲ್ಲಿ, ದಿನದ ಟಿಪ್ಸ್ ತೆಗೆಸಿದ ಕ್ಯಾಬಿನ್‌ನಿಂದ ಬಂದ ನಗದನ್ನು ಸಿಬ್ಬಂದಿ ಒಟ್ಟು ಹಂಚಿಕೆಗೆ ಒಪ್ಪಿಸಬೇಕೆಂಬ ನಿಯಮವೂ ಇದೆ. ಆಗ ನೀವು ಅಂದುಕೊಂಡವನಿಗೆ ಅಂದುಕೊಂಡಷ್ಟು ಉಳಿಯುವುದಿಲ್ಲ. ದಿನದ ಟಿಪ್ಸ್ ಹಾಗೇ ಬಿಟ್ಟು ಅದರ ಮೇಲೆ ಕೊಟ್ಟ ನಗದು ಅವನದ್ದೇ.

ಸೇವೆ ನಿಜಕ್ಕೂ ಕೆಟ್ಟಿದ್ದರೆ? ಕೊನೆಯ ರಾತ್ರಿಯವರೆಗೆ ಕಾಯುವುದೇ ತಪ್ಪು. ಎರಡನೆಯ ದಿನವೇ ಹೇಳಿದರೆ ಹೌಸ್‌ಕೀಪಿಂಗ್ ಮೇಲ್ವಿಚಾರಕರು ಸರಿಪಡಿಸಲು ಐದು ದಿನ ಸಿಗುತ್ತದೆ.

ಮತ್ತೆ ಮೊದಲಿನಿಂದ ಲೆಕ್ಕ ಹಾಕಿದರೆ

ಇದೇ ಕುಟುಂಬ, ಇದೇ ವಾರ, ಇದೇ ಪಾನೀಯ. ದಿನದ ಗ್ರಾಚ್ಯುಟಿ 647.50, ಬಾರ್‌ನ ಶೇ 18ಕ್ಕೆ 71.64, ರೆಸ್ಟೊರೆಂಟಿನದು 21.60, ರೂಮ್ ಸರ್ವಿಸ್‌ದು 2.86, ತಪ್ಪಿಸಿಕೊಳ್ಳಲಾಗದ್ದು ಒಟ್ಟು 743.60. ಖಾಲಿ ಗೆರೆ ಸೊನ್ನೆ. ಅದರ ಬದಲು ನಗದು: ಇಷ್ಟದ ಬಾರ್‌ಟೆಂಡರ್‌ಗೆ 20, ಹಿರಿಯರ ಕ್ಯಾಬಿನ್ ಅಟೆಂಡೆಂಟ್‌ಗೆ 20, ಹೆಡ್ ವೇಟರ್‌ಗೆ 20. ಒಟ್ಟು 803.60. ಈಗ ಬಿಲ್ಲಿನಲ್ಲಿರುವುದಕ್ಕಿಂತ ಆರು ಡಾಲರ್ ಕಡಿಮೆ, ಮೂರು ಜನರಿಗೆ ಮುಖ ನೋಡಿ ಕೊಟ್ಟಂತೆಯೂ ಆಗುತ್ತಿತ್ತು. ಮಗನದ್ದು ಜಿಪುಣತನವೂ ಅಲ್ಲ, ದುಂದೂ ಅಲ್ಲ. ಹಣ ಹೋದ ದಾರಿ ತಪ್ಪಿತ್ತು, ಅಷ್ಟೆ.

ದಿನದ ಟಿಪ್ಸನ್ನು ಪ್ರಯಾಣಕ್ಕೆ ಮೊದಲೇ ಕಟ್ಟಿಬಿಟ್ಟಿದ್ದರೆ ಕೊನೆಯ ರಾತ್ರಿಯ ಆ ಝಲ್ ಎನ್ನುವಿಕೆಯೂ ತಪ್ಪುತ್ತಿತ್ತು. ಮೊದಲೇ ಕಟ್ಟಿದವರಿಗೆ, ನಡುವೆ ದರ ಏರಿದರೂ, ಸಾಮಾನ್ಯವಾಗಿ ಹಳೆಯ ದರವೇ ನಿಲ್ಲುತ್ತದೆ.

ನಗದು ಎಂದರೆ ಸಣ್ಣ ನೋಟು. ಭಾರತದಿಂದ ಹೊರಡುವವರಿಗೆ ಇದು ಸಣ್ಣ ವಿಷಯವಲ್ಲ. ಡಾಲರ್ ಕೊಳ್ಳುವಾಗ ಕೌಂಟರಿನವರು ನೂರರ ನೋಟನ್ನೇ ಚಾಚುತ್ತಾರೆ; ಒಂದು, ಐದು, ಇಪ್ಪತ್ತರ ನೋಟು ಬೇಕೆಂದು ಎರಡು ದಿನ ಮುಂಚೆ ಹೇಳಿಟ್ಟರೆ ಸಿಗುವ ಸಂಭವ ಹೆಚ್ಚು. ವಾರದ ಪ್ರಯಾಣಕ್ಕೆ ಒಂದರ ಇಪ್ಪತ್ತು, ಐದರ ಎಂಟು, ಇಪ್ಪತ್ತರ ನಾಲ್ಕು ಇದ್ದರೆ ಸಾಕು. ಹಡಗಿನ ಕೌಂಟರಿನಲ್ಲಿ ಚಿಲ್ಲರೆ ಕೊಡುತ್ತಾರೆ, ಆದರೆ ಒಂದರ ನೋಟುಗಳು ಬೇಗ ಖಾಲಿ. ಹಡಗಿನ ಎಟಿಎಂ ಶುಲ್ಕ ಕೀಳುತ್ತದೆ. ನಾಣ್ಯ ಮಾತ್ರ ಕೊಡಬೇಡಿ, ಬೇರೆ ದೇಶದ ಸಿಬ್ಬಂದಿಗೆ ಅದನ್ನು ಊರಿನಲ್ಲಿ ಬದಲಾಯಿಸಿಕೊಳ್ಳಲು ಆಗುವುದಿಲ್ಲ. ರೂಪಾಯಿ ನೋಟೂ ಹಾಗೇ, ಎದುರಿಗಿರುವವನು ಭಾರತದವನೇ ಆಗಿದ್ದರೂ.

ಆ ಸಂಭವ ಕಡಿಮೆಯೇನಲ್ಲ. ಹಡಗಿನ ಹೋಟೆಲ್ ವಿಭಾಗದಲ್ಲಿ ಗೋವಾ, ಮುಂಬಯಿ, ಮಂಗಳೂರು, ಉಡುಪಿ ಕಡೆಯವರು ಬಹಳ. ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರಿನ ಕೆಳಗೆ ದೇಶದ ಹೆಸರೂ ಇರುತ್ತದೆ. ‘ಊರು ಯಾವುದು’ ಎಂದು ಕೇಳಿದರೆ ಕನ್ನಡ, ತುಳು, ಕೊಂಕಣಿ ಹೊರಡಲೂಬಹುದು. ಆದರೆ ಅವನು ಆರರಿಂದ ಒಂಬತ್ತು ತಿಂಗಳ ಕರಾರಿನ ಮೇಲೆ, ವಾರಕ್ಕೆ ಏಳೂ ದಿನ ದುಡಿಯುತ್ತಿರುವವನು. ಸಮುದ್ರ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದ ಅವನಿಗೆ ಕೊಡುವ ಕನಿಷ್ಠ ಬಿಡುವು 24 ಗಂಟೆಯಲ್ಲಿ 10, ವಾರದಲ್ಲಿ 77. ಉಳಿದದ್ದನ್ನು ಎಣಿಸಿಕೊಳ್ಳಿ. ಸಾಲು ಇರುವಾಗ ಅವನನ್ನು ಹಿಡಿದು ಊರಿನ ಸುದ್ದಿ ಮಾತಾಡಿಸುವುದು ಪ್ರೀತಿಯಲ್ಲ. ‘ನಮ್ಮವನೇ’ ಎಂದು ಟಿಪ್ಸ್ ಬಿಡುವುದಂತೂ ಖಂಡಿತ ಅಲ್ಲ.

ಯಾರಿಗೆ ಕೊಡಬೇಕಿಲ್ಲ ಎಂಬುದೂ ತಿಳಿದಿರಲಿ. ಪಟ್ಟಿ ಹಾಕಿದ ಸಮವಸ್ತ್ರದ ಅಧಿಕಾರಿಗಳಿಗೆ, ಭದ್ರತೆಯವರಿಗೆ, ಕೌಂಟರಿನವರಿಗೆ ಕೊಡುವ ರೂಢಿಯಿಲ್ಲ. ಸ್ಪಾದಲ್ಲಿ ಶೇ 18 ಮೊದಲೇ ಸೇರಿರುತ್ತದೆ, ಅಲ್ಲೂ ಖಾಲಿ ಗೆರೆ ಕಾದಿರುತ್ತದೆ. ರೂಮ್ ಸರ್ವಿಸ್‌ನಲ್ಲಿ 7.95ರ ಶುಲ್ಕ, ಅದರ ಮೇಲೆ 1.43 ಬಿದ್ದಿದ್ದರೂ, ಮಧ್ಯರಾತ್ರಿ ಊಟ ಹೊತ್ತು ತಂದವನ ಕೈಗೆ ಎರಡು ಡಾಲರ್ ಇಡುವುದು ಒಳ್ಳೆಯ ರೂಢಿ. ದಡದಲ್ಲಿ ಸೂಟ್‌ಕೇಸ್ ತೆಗೆದುಕೊಳ್ಳುವ ಪೋರ್ಟರುಗಳು ಹಡಗಿನವರಲ್ಲ, ಬಂದರಿನವರು. ಅವರಿಗೆ ಚೀಲಕ್ಕೆ ಎರಡು ಡಾಲರ್‌ನಂತೆ ಬೇರೆಯೇ. ಕೊಜುಮೆಲ್‌ನಲ್ಲಿ ಸುತ್ತಾಡಿಸಿದ ಗೈಡ್‌ಗೂ ಹಡಗಿನ ಟಿಪ್ಸ್‌ನಿಂದ ಏನೂ ಹೋಗುವುದಿಲ್ಲ.

ಆ ರಾತ್ರಿ ಕೌಂಟರಿಗೆ ತಲುಪಿದ ಮಗ 259 ಡಾಲರ್ ತೆಗೆಸುವ ಮಾತೆತ್ತಲಿಲ್ಲ. ಸಹಿ ಹಾಕಿದ ಖಾಲಿ ಗೆರೆಯ 66ನ್ನು ವಾಪಸ್ ಕೇಳುವುದೂ ಸರಿಯಲ್ಲ. ಜೇಬಿನಲ್ಲಿದ್ದ ನೂರರ ಒಂದೇ ನೋಟನ್ನು ಇಪ್ಪತ್ತರ ಐದು ಮಾಡಿಸಿಕೊಂಡ. ಹೆಡ್ ವೇಟರ್ ಆ ಹೊತ್ತಿಗೆ ಸಿಗುವುದಿಲ್ಲ. ಹೆಸರು, ವಿಭಾಗ ಬರೆದ ಲಕೋಟೆಯಲ್ಲಿ 20 ಇಟ್ಟು ಕೌಂಟರಿನಲ್ಲೇ ಕೊಟ್ಟರೆ ತಲುಪಿಸುತ್ತಾರೆ. ಅಟೆಂಡೆಂಟ್‌ಗೆ ಇನ್ನೊಂದು 20ನ್ನು ಬೆಳಿಗ್ಗೆ ಏಳರೊಳಗೆ ತಂದೆಯೇ ಕೈಯಲ್ಲಿ ಕೊಡುವುದೆಂದಾಯಿತು, ಎಂಟಾದರೆ ಅವನು ಮುಂದಿನ ಪ್ರಯಾಣಿಕರಿಗಾಗಿ ಹಾಸಿಗೆ ಬದಲಿಸುವ ಓಟದಲ್ಲಿರುತ್ತಾನೆ. ಬಾರ್‌ಟೆಂಡರ್‌ಗೆ ನಗದಿಲ್ಲ, ಅವನ ವಿಭಾಗಕ್ಕೆ ಈಗಾಗಲೇ ಶೇ 34.6 ಹೋಗಿದೆ. ಅವನಿಗೆ ಉಳಿದದ್ದು ಮನೆಗೆ ಹೋದ ಮೇಲೆ ಇಮೇಲ್‌ನಲ್ಲಿ ಬರುವ ಸಮೀಕ್ಷೆ. ಅಲ್ಲಿ ಅವನ ಹೆಸರು, ಬಾರ್‌ನ ಹೆಸರು ಎರಡನ್ನೂ ಬರೆಯಬೇಕು. ಬಿಲ್ಲೆಯಲ್ಲಿದ್ದ ಕಾಗುಣಿತದಲ್ಲೇ ಬರೆಯಬೇಕು, ಅದೇ ಹೆಸರಿನ ಮೂವರು ಆ ಹಡಗಿನಲ್ಲಿರಬಹುದು. ಮರೆತುಹೋಗುವ ಮೊದಲು ಮಗಳು ಆ ಹೆಸರನ್ನು ಕೊನೆಯ ಬಾರ್ ಚೀಟಿಯ ಹಿಂಬದಿಯಲ್ಲಿ ಬಣ್ಣದ ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡಳು.